‘ಫ್ರಾನ್ಸ್ ಹೆದರಿದೆ’ ಅಂದವರ ಮುಂದಿನ ಮಾತು: ‘ಇನಾ’ ಸುದ್ದಿ ಭಂಡಾರದ ವಿಮರ್ಶೆ

ಬೆಳಗಾವಿಯ ಲೋಕಲ್ ಚಾನೆಲ್ಲು, ಯೂಟ್ಯೂಬ್ ಸುದ್ದಿ ನೋಡುವವರಿಗೆ ಗೊತ್ತು, ಕುಂದಾನಗರಿ ಸದಾ ‘ಬೆಚ್ಚಿಬೀಳುತ್ತಿರುತ್ತದೆ’. ಕೊಲೆಯಾದರೆ ಬೆಚ್ಚಿಬೀಳುತ್ತದೆ, ಸರಗಳ್ಳತನವಾದರೂ ಬೆಚ್ಚಿಬೀಳುತ್ತದೆ. 2022ರ ಆಗಸ್ಟಿನಲ್ಲಿ ಗಾಲ್ಫ್ ಮೈದಾನಕ್ಕೆ ಚಿರತೆ ಹೊಕ್ಕಾಗಲಂತೂ ದಿನವೂ ಬೆಚ್ಚಿಬಿತ್ತು. ಈ ಸಾಲಿಗೆ ಫ್ರಾನ್ಸಿನಲ್ಲಿ ಒಬ್ಬ ಹಿರಿಯಣ್ಣ ಇದ್ದಾನೆ. 1976ರ ಫೆಬ್ರುವರಿ 18ರ ರಾತ್ರಿ 8 ಗಂಟೆಯ ವಾರ್ತೆಯನ್ನು ಟಿಎಫ್1 ಚಾನೆಲ್‌ನ ರೋಜೆ ಜಿಕೆಲ್ ಶುರು ಮಾಡಿದ್ದು ‘ಲಾ ಫ್ರಾನ್ಸ್ ಆ ಪೆರ್’ ಅಂತ. ಅಂದರೆ ‘ಫ್ರಾನ್ಸ್ ಹೆದರಿದೆ’. ಅಲ್ಲಿ ಆ ಮಾತು ಇವತ್ತಿಗೂ ಗಾದೆಯಂತೆ ಓಡಾಡುತ್ತದೆ. ಟಿವಿಯವರು ಜನರನ್ನು ಹೆದರಿಸಿ ಹೊಟ್ಟೆ ಹೊರೆಯುತ್ತಾರೆ ಎಂದು ಬೈಯುವವರೆಲ್ಲ ಅದನ್ನೇ ಎತ್ತಿ ತೋರಿಸುತ್ತಾರೆ. ಆದರೆ ಜಿಕೆಲ್ ಆ ರಾತ್ರಿ ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಅವರ ಮುಂದಿನ ಮಾತನ್ನು ಅವರದೇ ದನಿಯಲ್ಲಿ ಕೇಳಬೇಕಾದರೆ ಹೋಗಬೇಕಾದ ಜಾಗ ‘ಇನಾ’. ಜಿಲ್ಲಾ ಮಟ್ಟದ ನ್ಯೂಸ್ ಡೆಸ್ಕಿಗೆ, ಈಗಷ್ಟೇ ಆ್ಯಂಕರಿಂಗ್ ಕಲಿಯುವವರಿಗೆ ಅದು ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ ಅನ್ನುವುದಷ್ಟೇ ಈ ವಿಮರ್ಶೆ.

ಇನಾ ಅನ್ನುವುದು ಫ್ರಾನ್ಸ್ ಸರ್ಕಾರದ ರೇಡಿಯೊ-ಟಿವಿ ದಾಖಲೆ ಭಂಡಾರ. 1974ರ ಆಗಸ್ಟ್ 7ರ ಕಾನೂನು ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ‘ಓಆರ್‌ಟಿಎಫ್’ ಅನ್ನು ಏಳು ಪಾಲು ಮಾಡಿತು. ಟಿಎಫ್1, ಆಂಟೆನ್ 2, ಎಫ್‌ಆರ್3 ಚಾನೆಲ್‌ಗಳಾದವು. ಹಳೆಯ ಟೇಪು, ಫಿಲ್ಮು ಕಾಯುವ ಕೆಲಸ ಇನಾ ಪಾಲಿಗೆ ಬಂತು. ಟಿವಿ, ರೇಡಿಯೊದಲ್ಲಿ ಬಂದದ್ದರ ಪ್ರತಿಯನ್ನು ದಾಖಲೆಗೆ ಒಪ್ಪಿಸಲೇಬೇಕೆಂಬ ಕಾಯ್ದೆ 1992ರಲ್ಲಿ ಆಯಿತು. ಜನಸಾಮಾನ್ಯರಿಗೆ ಅಂತರ್ಜಾಲದಲ್ಲಿ ಬಾಗಿಲು ತೆರೆದದ್ದು 2006ರ ಏಪ್ರಿಲ್‌ನಲ್ಲಿ. ಈಗ ಅದಕ್ಕೆ ಸ್ವಂತ ವೆಬ್‌ಸೈಟ್ ಇದೆ, ಯೂಟ್ಯೂಬ್ ಚಾನೆಲ್ ಇದೆ, 2020ರ ಮಾರ್ಚ್‌ನಲ್ಲಿ ಶುರುವಾದ ‘ಮದ್ಲೆನ್’ ಎಂಬ ಚಂದಾ ಸೇವೆಯೂ ಇದೆ. ಮದ್ಲೆನ್ ಬಗ್ಗೆ ಒಂದೇ ಮಾತು: ಅಲ್ಲಿರುವುದು ಹೆಚ್ಚಾಗಿ ಹಳೆಯ ಧಾರಾವಾಹಿ, ನಾಟಕ, ಮನರಂಜನೆ. ಸುದ್ದಿ ಓದುವವರು ಅದಕ್ಕೆ ದುಡ್ಡು ಸುರಿಯಬೇಕಿಲ್ಲ. ಬೇಕಾದದ್ದು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ.

ಹುಡುಕುವಾಗ ಮೊದಲ ತೊಡಕು ಹೆಸರಿನ ಕಾಗುಣಿತ. ಫ್ರೆಂಚರು ಉಲಿಯುವುದೊಂದು, ಬರೆಯುವುದೊಂದು. ‘ರೋಜೆ’ ಎಂದು ಕೇಳಿ ಹಾಗೇ ಟೈಪ್ ಮಾಡಿದರೆ ಸಿಗುವುದಿಲ್ಲ. ಇಂಗ್ಲಿಷಿನವರ ‘ರೋಜರ್’ ಅಕ್ಷರಗಳನ್ನೇ ಹಾಕಬೇಕು. ‘ಜಿಕೆಲ್’ ಅನ್ನು ಜಿ-ಐ-ಸಿ-ಕ್ಯೂ-ಯು-ಇ-ಎಲ್ ಎಂದು ಹೊಡೆಯಬೇಕು, ನಡುವಿನ ಸಿ ಬಿಟ್ಟರೆ ಬೇರೆ ಯಾರೋ ಬರುತ್ತಾರೆ. ರಾತ್ರಿ 8ರ ವಾರ್ತೆಗೆ ಅವರು ಬಳಸುವ ಗುರುತು ‘ಜೆ-ಟಿ’, ಅದರ ಮುಂದೆ 20, ಅದರ ಪಕ್ಕ ‘ಎಚ್’. ಹೆಸರು, ಈ ಗುರುತು, ವರ್ಷ, ಮೂರನ್ನೂ ಸೇರಿಸಿ ಹುಡುಕಿದರೆ ಕಸ ಕಡಿಮೆ. ತಾರೀಖು ನಮ್ಮ ಹಾಗೇ ದಿನ, ತಿಂಗಳು, ವರ್ಷದ ಕ್ರಮದಲ್ಲಿರುತ್ತದೆ. ಆದರೆ ತಿಂಗಳ ಹೆಸರು ಫ್ರೆಂಚಿನಲ್ಲಿ. ಫೆಬ್ರುವರಿಗೆ ‘ಫೆವ್ರಿಯೆ’, ಆಗಸ್ಟಿಗೆ ಬರೀ ‘ಊತ್’.

ಎರಡನೆಯ ತೊಡಕು ದೊಡ್ಡದು. ಜಿಕೆಲ್ ಅವರ ಆ ವಾರ್ತೆ ಎಲ್ಲೆಡೆ ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಬಿದ್ದಿದೆ. ಆ ನಾಲ್ಕು ಫ್ರೆಂಚ್ ಪದ ಆಗುತ್ತಲೇ ಕತ್ತರಿ ಬಿದ್ದ ತುಣುಕೂ ಇದೆ, ಬೇರೆಯವರ ಹಾಸ್ಯ ಕಾರ್ಯಕ್ರಮದಲ್ಲಿ ಸಿಕ್ಕಿಸಿದ್ದೂ ಇದೆ. ಶೀರ್ಷಿಕೆ ನೋಡಿ ಮೊದಲು ಸಿಕ್ಕಿದ್ದನ್ನು ಒತ್ತಿದರೆ ಮೋಸ ಹೋಗುತ್ತೀರಿ. ಇನಾ ಚಾನೆಲ್‌ನದೇ ಪ್ರತಿಯನ್ನು, ಅದರಲ್ಲೂ ಒಂದು ನಿಮಿಷಕ್ಕಿಂತ ಉದ್ದದ್ದನ್ನು ಆರಿಸಿಕೊಳ್ಳಿ. ಈ ಭಂಡಾರದ ಬೆಲೆ ಇರುವುದು ಆ ಉದ್ದದಲ್ಲೇ.

ಯಾಕೆ ಎನ್ನುವುದಕ್ಕೆ ಆ ದಿನದ ಸುದ್ದಿ ಗೊತ್ತಿರಬೇಕು. ತ್ರುವಾ ಎಂಬ ಊರಿನಲ್ಲಿ ಜನವರಿ 30ರಂದು ಏಳು ವರ್ಷದ ಹುಡುಗನೊಬ್ಬನ ಅಪಹರಣವಾಗಿತ್ತು. ಹಣಕ್ಕಾಗಿ ಹೊತ್ತೊಯ್ದ ಪ್ಯಾಟ್ರಿಕ್ ಹೆನ್ರಿ ಎಂಬಾತ ಫೆಬ್ರುವರಿ 17ರಂದು ಸಿಕ್ಕಿಬಿದ್ದ, ಮಗುವಿನ ಶವವೂ ಸಿಕ್ಕಿತು. ಅದಕ್ಕೂ ಮುಂಚೆ ಒಮ್ಮೆ ಪೊಲೀಸರು ಇವನನ್ನೇ ಹಿಡಿದು ಬಿಟ್ಟಿದ್ದರು. ಹೊರಬಂದವನು ಟಿವಿ ಕ್ಯಾಮೆರಾ ಮುಂದೆ ನಿಂತು, ಇಂಥ ಕೆಲಸ ಮಾಡಿದವನಿಗೆ ಮರಣದಂಡನೆಯೇ ಸರಿ ಎಂದು ಹೇಳಿದ್ದ! ಇಷ್ಟೆಲ್ಲ ಆದ ಮರುದಿನ ರಾತ್ರಿ ಜಿಕೆಲ್ ಕ್ಯಾಮೆರಾ ಮುಂದೆ ಕೂತಿದ್ದು.

‘ನಮಸ್ಕಾರ. ಫ್ರಾನ್ಸ್ ಹೆದರಿದೆ’ ಅನ್ನುತ್ತಾರೆ. ಹಿಂದಿನ ರಾತ್ರಿ ಈ ವಾರ್ತೆ ಮುಗಿದ ಇಪ್ಪತ್ತು ನಿಮಿಷಕ್ಕೆಲ್ಲ ಮಗು ಸತ್ತ ಸುದ್ದಿ ದೇಶಕ್ಕೆ ತಿಳಿಯಿತು, ಅಲ್ಲಿಂದ ದಿಗಿಲು ಹಬ್ಬಿದೆ ಎನ್ನುತ್ತಾರೆ. ಕೊಂದವನನ್ನು ರಾಕ್ಷಸ ಎಂದೇ ಕರೆಯುತ್ತಾರೆ. ಇಲ್ಲಿಯ ತನಕ ನಮ್ಮ ಯಾವುದೇ ಕ್ರೈಂ ಬುಲೆಟಿನ್‌ಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆಮೇಲೆ ಮಾತು ತಿರುಗುತ್ತದೆ. ಹೌದು, ಫ್ರಾನ್ಸ್ ಹೆದರಿದೆ, ನಾವೂ ಹೆದರಿದ್ದೇವೆ, ಆದರೆ ಈ ಹೆದರಿಕೆಯ ವಿರುದ್ಧವೇ ನಾವು ಸೆಣಸಬೇಕು, ಯಾಕೆಂದರೆ ಇದು ದಿಢೀರ್ ನ್ಯಾಯದ, ಕೂಡಲೇ ಸೇಡು ತೀರಿಸಿಕೊಳ್ಳುವ ಹುಚ್ಚು ಆಸೆಗೆ ದಾರಿ ಮಾಡುತ್ತದೆ ಎಂಬ ಅರ್ಥದ ಮಾತು ಬರುತ್ತದೆ. ಮೊದಲ ಸಾಲು ಕೇಳಿದವರು ಕೋಟಿಗಟ್ಟಲೆ. ಈ ಎರಡನೆಯ ಮಾತು ನೆನಪಿಟ್ಟವರು ಕೈಬೆರಳೆಣಿಕೆ.

ತಪ್ಪು ಕೇಳಿದವರದೇ ಅನ್ನುವ ಹಾಗೂ ಇಲ್ಲ. ಲೀಡ್, ಅಂದರೆ ಸುದ್ದಿಯ ಆರಂಭದ ಸಾಲು ಬರೆಯುವವರು ಇದನ್ನು ಗಮನಿಸಬೇಕು. ‘ಫ್ರಾನ್ಸ್ ಹೆದರಿದೆ’ ಅನ್ನುವುದು ಫ್ರೆಂಚಿನಲ್ಲಿ ನಾಲ್ಕು ಪದದ, ಪೂರ್ಣವಿರಾಮ ಇರುವ ವಾಕ್ಯ. ಅದರ ತಿದ್ದುಪಡಿ ಉದ್ದದ, ಉಪವಾಕ್ಯ ಜೋಡಿಸಿದ ವಾಕ್ಯ. ಅದೂ ಬಹಳ ತಡವಾಗಿ ಬರುತ್ತದೆ. ಕಿವಿಗೆ ಬೀಳುವುದು ಗಿಡ್ಡ ವಾಕ್ಯವೇ. ಎರಡನ್ನೂ ಒಂದೇ ತೂಕದಲ್ಲಿ ಬರೆದಿದ್ದರೆ, ತಿದ್ದುಪಡಿಯನ್ನು ಎರಡನೆಯ ಉಸಿರಿನಲ್ಲೇ ತಂದಿದ್ದರೆ, ಬಹುಶಃ ಜಿಕೆಲ್ ಹೆಸರಿನ ಮುಂದೆ ಬೇರೆ ಸಾಲು ಇರುತ್ತಿತ್ತು. ಪ್ಯಾಟ್ರಿಕ್ ಹೆನ್ರಿ ವಿಚಾರಣೆ 1977ರ ಜನವರಿಯಲ್ಲಿ ನಡೆಯಿತು. ವಕೀಲ ರೋಬೆರ್ ಬಾದಂತೇರ್ ಮರಣದಂಡನೆಯ ವಿರುದ್ಧವೇ ವಾದಿಸಿದರು, ಜ್ಯೂರಿ ಜೀವಾವಧಿ ಕೊಟ್ಟಿತು. 1981ರಲ್ಲಿ ಅದೇ ಬಾದಂತೇರ್ ನ್ಯಾಯಮಂತ್ರಿಯಾಗಿ ಮರಣದಂಡನೆಯನ್ನೇ ರದ್ದು ಮಾಡಿಸಿದರು. ಈ ಚರ್ಚೆ ಎದ್ದಾಗಲೆಲ್ಲ ಜಿಕೆಲ್ ಅವರ ನಾಲ್ಕು ಪದ ಮತ್ತೆ ಮತ್ತೆ ತೆರೆಗೆ ಬಂತು.

ಈ ಮನುಷ್ಯ ಹಾಗೆ ಓದಲು ಹೇಗೆ ಕಲಿತರು ಅನ್ನುವುದಕ್ಕೆ ಅವರ ಹಿನ್ನೆಲೆ ಸ್ವಲ್ಪ ನೋಡಬೇಕು. ಹುಟ್ಟಿದ್ದು 1933ರ ಫೆಬ್ರುವರಿ 22ರಂದು, ಪ್ಯಾರಿಸಿನ ಉತ್ತರಕ್ಕಿರುವ ಒವಾಜ್ ಜಿಲ್ಲೆಯಲ್ಲಿ. ಮೊದಲ ನೌಕರಿಗಳಲ್ಲಿ ಒಂದು ವಿಮಾನದಲ್ಲಿ ಪ್ರಯಾಣಿಕರ ಸೇವೆ ಮಾಡುವ ಸ್ಟೀವರ್ಡ್ ಕೆಲಸ. ಆಮೇಲೆ ‘ಲ ಪಾರಿಸಿಯೆನ್ ಲಿಬೆರೆ’ ಪತ್ರಿಕೆ. ಅಲ್ಲಿಂದ ಫ್ರಾನ್ಸ್ ಇಂಟರ್ ರೇಡಿಯೊದಲ್ಲಿ ಬೆಳಗಿನ ‘ಪತ್ರಿಕೆಗಳಲ್ಲಿ ಇಂದು’ ಥರದ ಕಾರ್ಯಕ್ರಮ. ಹತ್ತಾರು ಪತ್ರಿಕೆ ಓದಿ, ಸಾರ ಹಿಂಡಿ, ಬರೀ ದನಿಯಲ್ಲಿ ದಾಟಿಸುವ ಕೆಲಸ ಅದು. ಮುಖ ತೋರಿಸುವ ಗೋಜಿಲ್ಲ. 1975ರ ಜನವರಿಯಲ್ಲಿ ಹೊಸ ಟಿಎಫ್1 ಹುಟ್ಟಿದಾಗ ರಾತ್ರಿ 8ರ ವಾರ್ತೆಗೆ ಬಂದರು. ಅಮೆರಿಕದ ಹಾಗೆ ಒಬ್ಬನೇ ಮುಖ, ಅವನೇ ಬರೆದು ಅವನೇ ಅಭಿಪ್ರಾಯ ಹೇಳುವ ಮಾದರಿ. 1981ರವರೆಗೆ ಆ ಕುರ್ಚಿಯಲ್ಲಿ ಕೂತರು. ಜೋತುಬಿದ್ದ ಕಣ್ಣು, ಸೂತಕದ ಮನೆಯ ದನಿ. ಹಾಸ್ಯಗಾರರು ಅದನ್ನೇ ಹಿಡಿದು ಗೇಲಿ ಮಾಡಿದರು. ವಾರ್ತೆ ಬಿಟ್ಟ ಮೇಲೆ ಕವಿತೆ-ಹಾಡಿನ ಕಾರ್ಯಕ್ರಮ ನಡೆಸಿದರು, ಬ್ರಿಟನಿ ಸೀಮೆಯಲ್ಲಿ ನೆಲೆಸಿ ಅಲ್ಲಿನ ಪ್ರಾದೇಶಿಕ ಟಿವಿಯಲ್ಲಿ ಊರೂರು ಅಡ್ಡಾಡಿ ತೋರಿಸಿದರು. 2010ರ ಮಾರ್ಚ್ 6ರಂದು, 77ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು.

ರೇಡಿಯೊ ತಾಲೀಮು ಆ ತುಣುಕಿನಲ್ಲಿ ಸ್ಪಷ್ಟ. ಮೊದಲ ಸಲ ಪರದೆಯ ಮೇಲೆ ಪೇಪರ್ ಮುಚ್ಚಿ ಬರೀ ಕೇಳಿ. ಫ್ರೆಂಚ್ ಒಂದಕ್ಷರ ಬಾರದವರಿಗೂ ಎರಡು ವಿಷಯ ಗೊತ್ತಾಗುತ್ತವೆ. ಒಂದು, ವಾಕ್ಯದ ಕೊನೆಗೆ ದನಿ ಇಳಿಯುತ್ತದೆ, ಏರುವುದಿಲ್ಲ. ನಮ್ಮ ಬುಲೆಟಿನ್‌ಗಳಲ್ಲಿ ಪ್ರತಿ ವಾಕ್ಯದ ಕೊನೆಯ ‘-ತ್ತಿದೆ’, ‘-ಲಾಗಿದೆ’ ಮೇಲಕ್ಕೆ ಎಳೆದು ಹೋಗುತ್ತದೆ. ಅದರಿಂದ ಯಾವುದೂ ಮುಗಿದ ಹಾಗೆ ಅನಿಸುವುದಿಲ್ಲ, ಎಲ್ಲವೂ ಬ್ರೇಕಿಂಗ್ ಆಗುತ್ತದೆ. ಎರಡು, ದೊಡ್ಡ ಮಾತಿನ ಆಚೆ ಈಚೆ ಮೌನ ಇದೆ. ಸ್ಟಾಪ್‌ವಾಚ್ ಹಿಡಿದು ಆ ಮೌನ ಅಳೆಯಿರಿ. ಅಷ್ಟೇ ಹೊತ್ತು ನೀವು ಬಿಟ್ಟರೆ ಸ್ಟುಡಿಯೊದಲ್ಲಿ ಕಂಟ್ರೋಲ್ ರೂಮಿನವರು ‘ಏನಾತ್ರೀ, ಪ್ರಾಂಪ್ಟರ್ ನಿಂತೈತೇನು?’ ಅಂತ ಕಿವಿಯಲ್ಲಿ ಕೂಗುತ್ತಾರೆ. ಮೌನ ಬೇಕಾದಲ್ಲಿ ಕಾಪಿಯಲ್ಲೇ ಎರಡು ಅಡ್ಡಗೆರೆ ಹಾಕಿ, ಪ್ರಾಂಪ್ಟರ್ (ಓದುವ ಪಠ್ಯ ತೋರಿಸುವ ಪರದೆ) ಓಡಿಸುವವರಿಗೆ ಮೊದಲೇ ಹೇಳಿಡಿ.

ಎರಡನೆಯ ಸಲ ದನಿ ಮುಚ್ಚಿ ಚಿತ್ರ ನೋಡಿ. ಕಂಪ್ಯೂಟರಿನಲ್ಲಿ ನೋಡುವುದೇ ಚೊಲೊ. ಜೆ ಒತ್ತಿದರೆ 10 ಸೆಕೆಂಡ್ ಹಿಂದೆ, ಎಲ್ ಒತ್ತಿದರೆ 10 ಸೆಕೆಂಡ್ ಮುಂದೆ, ನಿಲ್ಲಿಸಿಟ್ಟು ಅಲ್ಪವಿರಾಮದ ಕೀ, ಪೂರ್ಣವಿರಾಮದ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ-ಮುಂದೆ ಹೋಗುತ್ತದೆ. ಕಣ್ಣು ಯಾವ ಪದಕ್ಕೆ ಕ್ಯಾಮೆರಾದಿಂದ ಕೆಳಗಿಳಿಯಿತು, ಯಾವ ಪದಕ್ಕೆ ಮೇಲೆದ್ದಿತು ಗುರುತಿಸಿಕೊಳ್ಳಿ. ಕ್ವಾಲಿಟಿ 360 ಸಾಕು. ಮೂಲವೇ ಹಳೆಯ ಟೇಪು, 1080ಕ್ಕೆ ಏರಿಸಿದರೆ ಡೇಟಾ ಖರ್ಚಾಗುತ್ತದೆಯೇ ಹೊರತು ಮುಖದಲ್ಲಿ ಹೊಸದೇನೂ ಕಾಣದು. ಫೋನಿನ ಸ್ಪೀಕರ್ ಮಾತ್ರ ಬೇಡ. ಹಳೆಯ ಮೋನೊ ಧ್ವನಿಯಲ್ಲಿ ತಗ್ಗಿನ ದನಿ ಸಣ್ಣ ಸ್ಪೀಕರಿನಲ್ಲಿ ಕಳೆದೇ ಹೋಗುತ್ತದೆ, ಹೆಡ್‌ಫೋನ್ ಹಾಕಿ.

ಭಾಷೆಯ ವಿಷಯದಲ್ಲಿ ಈ ಸೇವೆಗೆ ಪೂರ್ತಿ ಅಂಕ ಕೊಡಲಾಗದು. ವಿಡಿಯೊಗಳು ಫ್ರೆಂಚಿನಲ್ಲಿವೆ. ಇರುವುದು ಯೂಟ್ಯೂಬಿನ ತಾನೇ ಹುಟ್ಟಿಸುವ ಸಬ್‌ಟೈಟಲ್, ಅದರ ಮೇಲೆ ತಾನೇ ಮಾಡುವ ಅನುವಾದ. ಸೆಟ್ಟಿಂಗ್ಸ್‌ನಲ್ಲಿ ಕನ್ನಡವೂ ಸಿಗುತ್ತದೆ, ಆದರೆ ಅದನ್ನು ನಂಬಿ ಕೂತರೆ ತಲೆ ಕೆಡುತ್ತದೆ. ಕಾರಣ ಸರಳ. ಸಬ್‌ಟೈಟಲ್ ವಾಕ್ಯವನ್ನು ತುಂಡು ತುಂಡಾಗಿ ತೋರಿಸುತ್ತದೆ. ಫ್ರೆಂಚಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ, ಕನ್ನಡಕ್ಕೆ ಅದು ಕೊನೆಯಲ್ಲಿ ಬೇಕು. ತುಂಡನ್ನೇ ಅನುವಾದಿಸಿದಾಗ ಯಾರು ಯಾರನ್ನು ಏನು ಮಾಡಿದರೆಂದು ತಿರುವು ಮುರುವು. ಊರಿನ, ಮನುಷ್ಯರ ಹೆಸರುಗಳನ್ನೂ ಅರ್ಥ ಇರುವ ಪದಗಳೆಂದು ತಿಳಿದು ಅನುವಾದಿಸಿ ಬಿಡುವುದುಂಟು. ಇದಕ್ಕೆ ಉಪಾಯ ಇದೆ. ವಿಡಿಯೊ ಕೆಳಗಿನ ವಿವರಣೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತೆರೆಯಿರಿ, ಪೂರ್ತಿ ಫ್ರೆಂಚ್ ಪಠ್ಯವನ್ನು ನಕಲು ಮಾಡಿ, ಸಮಯದ ಅಂಕಿಗಳನ್ನು ಅಳಿಸಿ, ತುಂಡುಗಳನ್ನು ಒಂದು ಪ್ಯಾರಾ ಮಾಡಿ, ಆಮೇಲೆ ಅನುವಾದದ ಆ್ಯಪ್‌ಗೆ ಹಾಕಿ. ಪೂರ್ತಿ ವಾಕ್ಯ ಸಿಕ್ಕಾಗ ಕನ್ನಡ ಎಷ್ಟೋ ನೆಟ್ಟಗಾಗುತ್ತದೆ. ಇಂಗ್ಲಿಷ್ ಬರುವವರು ಇಂಗ್ಲಿಷಿನದನ್ನೂ ಪಕ್ಕದಲ್ಲಿಟ್ಟುಕೊಂಡರೆ ಅನುಮಾನ ಪರಿಹಾರ. ವೇಗವನ್ನು 0.75ಕ್ಕೆ ಇಳಿಸಬೇಡಿ. ಆಗ ಮೌನದ ಅಳತೆ ಸುಳ್ಳಾಗುತ್ತದೆ.

ಇಷ್ಟು ಮಾಡಿದ ಮೇಲೆ ಡೆಸ್ಕಿನಲ್ಲಿ ಇದರ ಉಪಯೋಗ ಏನು? ಕೃಷ್ಣೆಯ ನೆರೆಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಚಿಕ್ಕೋಡಿಯಿಂದ ಜಮಖಂಡಿ ತನಕ ಎಲ್ಲ ಚಾನೆಲ್ಲಿನ ಲೀಡ್ ಒಂದೇ: ‘ಕೃಷ್ಣಾ ತೀರದಲ್ಲಿ ಆತಂಕ’. ಆಮೇಲೆ ಎರಡು ನಿಮಿಷ ಡ್ರೋನ್ ದೃಶ್ಯ, ಹಿನ್ನೆಲೆಯಲ್ಲಿ ಡೋಲು. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್, ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅನ್ನುವುದು ಕೊನೆಗೆ ಸ್ಕ್ರಾಲಿನಲ್ಲಿ ಓಡುತ್ತದೆ. 2019ರ ಆಗಸ್ಟಿನ ನೆರೆ ಕಂಡವರಿಗೆ ಆತಂಕ ಇದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಬೇಕಾದದ್ದು ದನ ಹೊಡೆದುಕೊಂಡು ಹೊರಡಬೇಕೋ, ಇನ್ನೊಂದು ರಾತ್ರಿ ಕಾಯಬಹುದೋ ಅನ್ನುವುದು. ಜಿಕೆಲ್ ತುಣುಕನ್ನು ಸರಿಯಾಗಿ ನೋಡಿದ ಡೆಸ್ಕು ಲೀಡನ್ನು ಹೀಗೆ ಕಟ್ಟಬಹುದು:

‘ಕೃಷ್ಣಾ ತೀರದಲ್ಲಿ ಆತಂಕ ಇದೆ. ಊರೊಳಗೆ ಇನ್ನೂ ನೀರು ಬಂದಿಲ್ಲ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ನೀರು ಇಳಿಯುತ್ತಿದೆ, ನಿನ್ನೆಗಿಂತ ಇಷ್ಟು ಹೆಚ್ಚು. ಕಲ್ಲೋಳ-ಯಡೂರ ಸೇತುವೆ ಮುಳುಗಿದೆ, ಆ ದಾರಿ ಬೇಡ.’

‘ಇಷ್ಟು’ ಇರುವಲ್ಲಿ ಅಂದಿನ ಅಂಕಿ ಹಾಕಿ. ಜಿಕೆಲ್ ಎಡವಿದ್ದನ್ನು ಇಲ್ಲಿ ಸರಿಪಡಿಸಿದ್ದು ಎರಡನೆಯ ವಾಕ್ಯದಲ್ಲಿ. ಹೆದರಿಕೆಯ ಸಾಲು ಎಷ್ಟು ಗಿಡ್ಡವೋ ಅದರ ಕಡಿವಾಣವೂ ಅಷ್ಟೇ ಗಿಡ್ಡ, ಅದೂ ಪಕ್ಕದಲ್ಲೇ. ತುಣುಕು ಕತ್ತರಿಸಿ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವವರು ಮೊದಲ ಐದು ಸೆಕೆಂಡ್ ತೆಗೆದುಕೊಂಡರೂ ಎರಡೂ ಒಟ್ಟಿಗೇ ಹೋಗುತ್ತವೆ. ಉದ್ದದ ಲೆಕ್ಕಕ್ಕೆ ಬೇರೆಯವರ ಸೂತ್ರ ಬೇಡ. ನಿಮ್ಮದೇ ಆ್ಯಂಕರ್ ಒಂದು ನಿಮಿಷ ಓದಲಿ, ಪದ ಎಣಿಸಿ. ಕನ್ನಡದಲ್ಲಿ ಸಾಮಾನ್ಯವಾಗಿ 100ರ ಆಸುಪಾಸು ಬರುತ್ತದೆ, ಅಂಕಿ-ಸಂಖ್ಯೆ ಇದ್ದರೆ ಇನ್ನೂ ಕಡಿಮೆ. ‘ಒಂದು ಲಕ್ಷ ಇಪ್ಪತ್ತೈದು ಸಾವಿರ’ ಬರೆದಾಗ ಒಂದೇ ಅಂಕಿ, ಓದುವಾಗ ನಾಲ್ಕು ಪದ. ಪ್ರಾಂಪ್ಟರಿನಲ್ಲಿ ಸಂಖ್ಯೆಯನ್ನು ಅಕ್ಷರದಲ್ಲೇ ಬರೆಯಿರಿ.

ಒಂದು ಎಚ್ಚರಿಕೆ: ಜಿಕೆಲ್ ಧಾಟಿಯನ್ನು ಹಾಗೇ ಎತ್ತಿಕೊಂಡರೆ ಕೆಡುತ್ತದೆ. ಅವರು ಸಂಪಾದಕರ ಹಾಗೆ ಅಭಿಪ್ರಾಯ ಬೆರೆಸಿ ಓದುತ್ತಿದ್ದವರು. ‘ರಾಕ್ಷಸ’ ಎಂಬ ಪದ ಅವರ ಬಾಯಲ್ಲಿ ಬಂತು, ಅದೂ ವಿಚಾರಣೆಗೆ ಮುಂಚೆ. ನಮ್ಮ ಡೆಸ್ಕಿನಲ್ಲಿ ‘ಆರೋಪಿ’ ಬದಲು ‘ಹಂತಕ’ ಎಂದು ಬರೆದರೆ ಅದು ತಪ್ಪೇ, ಎಷ್ಟೇ ಗಂಭೀರ ದನಿಯಲ್ಲಿ ಓದಿದರೂ ತಪ್ಪೇ. ಬೆಳಗಾವಿಯಂಥ ಊರಿನಲ್ಲಿ, ಒಂದೇ ಸುದ್ದಿಯನ್ನು ಕನ್ನಡ, ಮರಾಠಿ, ಉರ್ದು ಮನೆಗಳು ಒಟ್ಟಿಗೇ ಕೇಳುವ ಕಡೆ, ಆ್ಯಂಕರ್ ಸ್ವಂತ ಸಿಟ್ಟು ಸೇರಿಸುವುದು ಬೆಂಕಿಗೆ ಎಣ್ಣೆ.

ಅವರೊಬ್ಬರನ್ನೇ ನೋಡಿ ಮುಗಿಸಬೇಡಿ. ಅದೇ ಕಾಲದ ಈವ್ ಮುರೂಸಿ 1975ರಿಂದ 1988ರ ತನಕ ಟಿಎಫ್1ನ ಮಧ್ಯಾಹ್ನ 1ರ ವಾರ್ತೆ ನಡೆಸಿದವರು, ಪೂರ್ತಿ ವಿರುದ್ಧ ಸ್ವಭಾವ. 1985ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಮಿತ್ತೆರಾಂ ಅವರ ಸಂದರ್ಶನದಲ್ಲಿ ಮೇಜಿನ ಅಂಚಿನ ಮೇಲೇ ಹತ್ತಿ ಕೂತರು! ಆಂಟೆನ್ 2ರಲ್ಲಿ 1981ರಿಂದ ರಾತ್ರಿ 8ರ ವಾರ್ತೆ ಓದಿದ, ಬ್ರಸೆಲ್ಸ್‌ನಲ್ಲಿ ಹುಟ್ಟಿದ ಕ್ರಿಸ್ಟೀನ್ ಒಕ್ರಾಂ ಅವರದೂ ನೋಡಬೇಕು. ಅವರು ಮುಗುಳ್ನಗೆಯ ಹಂಗಿಲ್ಲದೆ ಪ್ರಶ್ನೆ ಕೇಳುವ ರೀತಿ, ಮಹಿಳಾ ಆ್ಯಂಕರ್ ಅಂದರೆ ಸೀರೆ, ಬೆಳಕು, ಮೇಕಪ್ ಎಂದಷ್ಟೇ ತಿಳಿದ ಸ್ಟುಡಿಯೊಗಳಿಗೆ ಒಳ್ಳೆಯ ಮದ್ದು.

ಭಂಡಾರದ ದೊಡ್ಡ ಕೊರತೆ ಈಚಿನ ವರ್ಷಗಳದು. ಟಿಎಫ್1 1987ರಲ್ಲಿ ಖಾಸಗಿಯಾಯಿತು. ಆ ಮೇಲಿನ ಅದರ ವಾರ್ತೆ ಇಲ್ಲಿ ಹೆಚ್ಚು ಸಿಗುವುದಿಲ್ಲ. 1988ರಿಂದ 2020ರ ಡಿಸೆಂಬರ್ ತನಕ ಮಧ್ಯಾಹ್ನ 1ರ ವಾರ್ತೆ ಓದಿದ ಜಾನ್-ಪಿಯೆರ್ ಪೆರ್ನೋ ಅವರನ್ನು ಹುಡುಕಿ ಬಂದವರಿಗೆ ನಿರಾಸೆ. ನಮ್ಮ ಲೋಕಲ್ ಚಾನೆಲ್‌ಗಳಿಗೆ ನಿಜಕ್ಕೂ ಹತ್ತಿರದವರು ಪೆರ್ನೋ. ಹಳ್ಳಿಯ ಸಂತೆ, ಕುಶಲಕರ್ಮಿ, ಹವಾಮಾನ, ಇವೇ ಅವರ ಮುಖ್ಯ ಸುದ್ದಿ. ಗುಳೇದಗುಡ್ಡದ ಖಣ, ಇಂಡಿ ತಾಲ್ಲೂಕಿನ ನಿಂಬೆ ಅವರ ಕೈಗೆ ಸಿಕ್ಕಿದ್ದರೆ ಬುಲೆಟಿನ್‌ನ ಮೊದಲ ಐಟಂ ಆಗುತ್ತಿತ್ತು.

ಕೊನೆಗೆ ಹಕ್ಕಿನ ವಿಷಯ. ಇನಾ ತುಣುಕನ್ನು ಡೌನ್‌ಲೋಡ್ ಮಾಡಿ ನಿಮ್ಮ ಚಾನೆಲ್ಲಿನ ಕಾರ್ಯಕ್ರಮದಲ್ಲಿ ಅಂಟಿಸಬೇಡಿ. ವಿಮರ್ಶೆಗೆ ಒಂದಿಷ್ಟು ಬಳಸಲು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ, ಆದರೆ ಯೂಟ್ಯೂಬಿನ ಯಂತ್ರಕ್ಕೆ ಕಲಂ ಓದಲು ಬರುವುದಿಲ್ಲ. ಚಿತ್ರ, ಧ್ವನಿ ಹೊಂದಿಕೆಯಾದರೆ ತಾನೇ ಕ್ಲೇಮ್ ಹಾಕುತ್ತದೆ, ಆ ವಿಡಿಯೊದ ಜಾಹೀರಾತು ಹಣ ಅತ್ತ ಹೋಗಬಹುದು, ವಿಡಿಯೊವೇ ಕಾಣೆಯಾಗಬಹುದು. ಪ್ರಸಾರಕ್ಕೆ ಬೇಕೇ ಬೇಕೆಂದರೆ ವೃತ್ತಿಪರರಿಗೆ ಮಾರುವ ‘ಇನಾ ಮೀಡಿಯಾಪ್ರೊ’ ವಿಭಾಗ ಬೇರೆ ಇದೆ. ಕಲಿಯಲಿಕ್ಕಾದರೆ ಸ್ಟುಡಿಯೊದ ಟಿವಿಯಲ್ಲಿ ಹಚ್ಚಿ ನೋಡಿದರೆ ಸಾಕು. ಜಿಕೆಲ್ ತುಣುಕಿಗೆ ಒಂದು ಚಹಾದ ಹೊತ್ತು, ಟ್ರಾನ್ಸ್‌ಕ್ರಿಪ್ಟ್ ಕನ್ನಡಕ್ಕಿಳಿಸಲು ಇನ್ನೊಂದು.